ಸತ್ತ ಅತ್ತೆಯ ಸಹಿ

ಹೊರದೇಶದ ವಿಶ್ವವಿದ್ಯಾಲಯವೊಂದು ನನಗೆ ಸಂಶೋಧನೆಗೆ ಸೀಟು ಕೊಟ್ಟಿತ್ತು, ಫೀಸಿನ ಮಟ್ಟಿಗೆ ಅನುದಾನವನ್ನೂ ಕೊಟ್ಟಿತ್ತು. ಹೊಳೆ ಕಡಲು ಸೇರುವಲ್ಲಿನ ಕೆಸರು ನನ್ನ ವಿಷಯ. ಅಲ್ಲಿ ಇರುವ ಖರ್ಚಿಗೆ ಸಾಲ ಬೇಕಿತ್ತು. ಗುಲ್ವಾಡಿಯ ನಮ್ಮ ಜಾಗವನ್ನು ಅಡವಿಟ್ಟುಕೊಳ್ಳಲು ಕುಂದಾಪುರದ ಬ್ಯಾಂಕೊಂದು ಒಪ್ಪಿತು.

ಪಹಣಿ ನೋಡಿದ ಬ್ಯಾಂಕಿನ ವಕೀಲರು ಅಪ್ಪಯ್ಯನನ್ನು ಕೇಳಿದರು, "ಇದರಲ್ಲಿ ನಿಮ್ಮ ಅಕ್ಕನ ಹೆಸರೂ ಇದೆಯಲ್ಲ?"

"ಅಕ್ಕ ತೀರಿಹೋಯ್ತ್," ಎಂದರು ಅಪ್ಪಯ್ಯ.

"ಹಾಗಾದರೆ ಮರಣ ಪ್ರಮಾಣಪತ್ರ ತನ್ನಿ."

ಮನೆಗೆ ಬಂದ ಮೇಲೆ ಅಮ್ಮ ಗುಟ್ಟು ಬಿಟ್ಟುಕೊಟ್ಟಳು, "ಸತ್ರಲ್ದಾ ಪತ್ರ ಕೊಡುದ್!"

ನಮ್ಮ ಚಾವಡಿಯ ಗೋಡೆಯಲ್ಲಿ ಹಾರ ಹಾಕಿದ ಅತ್ತೆಯ ಫೋಟೋ ಇತ್ತು. ಎರಡು ಜಡೆಯ, ನನ್ನದೇ ಮೂಗಿನ ಹುಡುಗಿ. ವರ್ಷಕ್ಕೊಮ್ಮೆ ತೀರಿಹೋದವರಿಗೆಲ್ಲ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ನಾವು ಹೊರಗೆ ನಿಲ್ಲುವಾಗ ಒಂದು ಎಲೆ ಅವಳದ್ದು. ಜ್ವರದಲ್ಲಿ ಹೋದಳೆಂದು ನಂಬಿಕೊಂಡಿದ್ದೆ. ನಿಜವಾಗಿ ಅವಳು ಮೀನುಗಾರರ ಹುಡುಗನೊಬ್ಬನ ಜೊತೆ ಹೋಗಿದ್ದಳು, ಬೈಂದೂರಿನಲ್ಲಿ ಬದುಕಿಯೇ ಇದ್ದಳು. ಅಜ್ಜ ದರ್ಭೆಯ ಬೊಂಬೆ ಸುಟ್ಟು, ಸತ್ತವರಿಗೆ ಮಾಡುವ ಬೊಜ್ಜ ಮಾಡಿ, ಊರಿಗೆ ಊಟ ಹಾಕಿಸಿದ್ದರು. ಅಪ್ಪಯ್ಯ ಆಗ ಚಿಕ್ಕವರು.

ಅಮ್ಮ ಹೇಳಿದ ಗುರುತು ಹಿಡಿದು ಬೈಂದೂರಿನ ಕಡಲ ಬದಿಯ ಅವಳ ಮನೆಗೆ ನಾನೊಬ್ಬಳೇ ಹೋದೆ. ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಒಣಮೀನು ಹರವಿತ್ತು, ಆದರೂ ಒಂದು ಕಾಗೆಯೂ ಇರಲಿಲ್ಲ. ಅವಳೇ ಬಾಗಿಲು ತೆರೆದಳು. ಫೋಟೋದ ಹುಡುಗಿಗೆ ಕೂದಲು ನರೆತಿತ್ತು.

ನಾನು ಯಾರೆಂದು ಹೇಳುವ ಮೊದಲೇ ಅವಳು, "ಗುಲ್ವಾಡಿಯಿಂದ ಬಂದದ್ದಲ್ದಾ? ಕೂಕೋ," ಎಂದಳು.

ಸಾಲದ ವಿಷಯ, ಅದಕ್ಕೆ ಅವಳ ಸಹಿ ಬೇಕಾದ ವಿಷಯ ತೊದಲುತ್ತ ಹೇಳಿದೆ. ಅವಳು ನನ್ನ ಮೂಗನ್ನೇ ನೋಡುತ್ತಿದ್ದಳು.

"ಸತ್ತವ್ರ್ ಸಹಿ ಹಾಕ್ರೆ ನಡಿತ್ತಾ?"

ಅವಳು ಮಜ್ಜಿಗೆ ತಂದಿಟ್ಟು, ಎದುರಿಗೆ ಕುಳಿತು, ಯಾವುದೋ ಕಾಯಿಲೆಯ ಬಗ್ಗೆ ಹೇಳುವಂತೆ ಹೇಳಿದಳು, "ವರ್ಷಕ್ಕ್ ಒಂದ್ ದಿನ ನಂಗ್ ಹಶುವೇ ಆತ್ತಿಲ್ಲೆ, ಮಗಾ. ಬೆಳಿಗ್ಗೆಯಿಂದ ಎಂತದೂ ತಿಂದಿರುದಿಲ್ಲೆ, ಆದ್ರೂ ಮಧ್ಯಾಹ್ನ ಹೊಟ್ಟಿ ತುಂಬಿರತ್ತ್. ಬಾಯಲ್ಲಿ ಪಾಯಸದ ರುಚಿ. ಡಾಕ್ಟ್ರಿಗೂ ತೋರ್ಸಿದೆ."

ಯಾವ ದಿನ ಎಂದು ಕೇಳಿದೆ. ಕೇಳಬಾರದಿತ್ತು. ನಾವು ಎಲೆ ಹಾಕುವ ದಿನವನ್ನೇ ಹೇಳಿದಳು. ಬೊಜ್ಜದ ಸುದ್ದಿ ಅವಳಿಗೆ ಗೊತ್ತಿತ್ತು, ಆದರೆ ಎಲೆಯ ವಿಷಯವನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಮರುವಾರ ಅವಳು ಬ್ಯಾಂಕಿಗೆ ಬಂದಳು. ಕುರ್ಚಿಯಲ್ಲಿದ್ದ ಅಪ್ಪಯ್ಯ ಎದ್ದು ನಿಂತರು, ಗೋಡೆಗೆ ಒರಗಿಕೊಂಡರು.

ವಕೀಲರು ಅಪ್ಪಯ್ಯನತ್ತ ತಿರುಗಿ, "ಇವರು ನಿಮಗೆ ಏನಾಗಬೇಕು?" ಎಂದರು.

ಎರಡನೆಯ ಸಲ ಕೇಳಿದ ಮೇಲೆ ಅಪ್ಪಯ್ಯ "ಅಕ್ಕ," ಎಂದರು. ಅತ್ತೆ ಪೆನ್ನು ಎತ್ತಿಕೊಂಡು, ಶಾಲೆಯ ಮಕ್ಕಳ ಅಕ್ಷರದಲ್ಲಿ, ಅಜ್ಜ ಇಟ್ಟ ಪೂರ್ತಿ ಹೆಸರನ್ನು ಬರೆದಳು. ಜಾಮೀನಿಗೂ ಅವಳೇ ಸಹಿ ಹಾಕಿದಳು. ಯಾರೂ ಕೇಳಿರಲಿಲ್ಲ.

ಸಾಲ ಸಿಕ್ಕಿತು. ನಾನು ಹೊರಡುವ ಮೊದಲೇ ಅಪ್ಪಯ್ಯ ಫೋಟೋ ಇಳಿಸಿದರು. ಆ ವರ್ಷ ಒಂದು ಎಲೆ ಕಡಿಮೆ ಹಾಕಿದರಂತೆ. ಅತ್ತೆಗೆ ಅಂದು ಹಸಿವಾಯಿತೇ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಈಗ ನಾನು ಇಲ್ಲಿಂದ ಕಂತು ಕಟ್ಟುತ್ತೇನೆ. ಕಟ್ಟಿದಾಗಲೆಲ್ಲ ಜಾಮೀನುದಾರಳಾದ ಅತ್ತೆಯ ಮೊಬೈಲಿಗೂ ಬ್ಯಾಂಕಿನಿಂದ ಮೆಸೇಜು ಹೋಗುತ್ತದೆ. ಅವಳು ಕೂಡಲೇ ನನಗೆ ಫೋನು ಮಾಡುತ್ತಾಳೆ.

"ಬಂತ್ ಕಾಣ್. ನನ್ನ್ ಹೆಸ್ರ್ ಹಾಕಿಯೇ ಕಳ್ಸಿರ್."

ಗುಲ್ವಾಡಿಗೆ ಅವಳು ಇನ್ನೂ ಬಂದಿಲ್ಲ. ಅಪ್ಪಯ್ಯ ಎರಡು ಸಲ ಬೈಂದೂರಿನ ಬಸ್ಸು ಹತ್ತಿ, ಅರ್ಧದಾರಿಯಲ್ಲೇ ಇಳಿದು ವಾಪಸು ಬಂದಿದ್ದಾರೆ.