ಶನಿವಾರದ ಹೆಸರು

ವರ್ಲೀನ್ ಟಾಲಿವರ್ ವಾರವಿಡೀ ಅಮೆರಿಕದ ಕ್ಲೀವ್‌ಲೆಂಡಿನ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಶನಿವಾರ ಸುಳ್ಳು ಹೇಳುತ್ತಿದ್ದಳು. ನಮ್ಮಂಥ ಕಪ್ಪು ಜನಕ್ಕೆ ಮನೆ ಕೊಡುವುದಿಲ್ಲವೆನ್ನುವುದು ಅಪರಾಧವೆಂದು ಕಾಯಿದೆಯಾಗಿ ಆರು ವರ್ಷ ಕಳೆದಿತ್ತು. ಮಾಲೀಕರು ಅದಕ್ಕೆ ಕ್ಯಾರೇ ಎನ್ನುತ್ತಿರಲಿಲ್ಲ. ಅವರನ್ನು ಹಿಡಿಯಲು ಸಂಘವೊಂದು ವರ್ಲೀನಳನ್ನು ಬಾಡಿಗೆ ಮನೆ ಕೇಳಲು ಕಳಿಸುತ್ತಿತ್ತು, ಅರ್ಧ ಗಂಟೆ ಬಿಟ್ಟು ಬಿಳಿಯ ಹೆಂಗಸೊಬ್ಬಳನ್ನು. ಇಬ್ಬರಿಗೂ ಸಿಕ್ಕ ಉತ್ತರ ಬೇರೆಯಾದರೆ ಮೊಕದ್ದಮೆ. ಹೆಸರು ಸುಳ್ಳು, ವಿಳಾಸ ಸುಳ್ಳು, ಹೇಳುವ ಕಷ್ಟಸುಖವೂ ಸುಳ್ಳು. ಐದು ವರ್ಷದಿಂದ ಅವಳ ಶನಿವಾರದ ಹೆಸರು ಲೊರೇನ್ ಪೆಕ್. ಜಗಳವಾಡಬಾರದು, ಅಂಗಲಾಚಬಾರದು, ಥ್ಯಾಂಕ್ಸ್ ಹೇಳಿ ಹೊರಬರಬೇಕು.

ಆ ಮಾರ್ಚಿನಲ್ಲಿ ಅವಳಿಗೆ ನಿಜಕ್ಕೂ ಮನೆ ಬೇಕಾಯಿತು. ತಾಯಿ ಒಡೆಸ್ಸಾಳ ಸೊಂಟ ಮುರಿದಿತ್ತು. ಮೂರನೇ ಮಹಡಿಯಿಂದ ಇಳಿದು ಚರ್ಚಿಗೂ ಹೋಗಲಾರದೆ ಮುದುಕಿ ಕಿಟಕಿಗೆ ಅಂಟಿಕೊಂಡಿದ್ದಳು, ಪಾಪ. ಆಸ್ಪತ್ರೆಯ ಪಕ್ಕದ ಬೀದಿಯಲ್ಲಿ ನೆಲಮಹಡಿಯ ಮನೆ ಖಾಲಿಯಿದೆಯೆಂದು ತಿಳಿದದ್ದೇ ತಡ, ವರ್ಲೀನ್ ಓಡಿದಳು.

"ಅಯ್ಯೋ, ನಿನ್ನೆ ತಾನೇ ಹೋಯ್ತಲ್ಲಮ್ಮ," ಎಂದ ಮಾಲೀಕ, ನಗುನಗುತ್ತಾ. "ಹೆಸರು ಬರೆದಿಟ್ಟು ಹೋಗಿ. ಇನ್ನೊಂದು ಖಾಲಿಯಾದ್ರೆ ತಿಳಿಸ್ತೀನಿ."

ಅವಳು ಬರೆದಳು. ಥ್ಯಾಂಕ್ಸ್ ಹೇಳಿದಳು. ನೇರ ಸಂಘಕ್ಕೆ ಹೋಗಿ ವಿಷಯ ತಿಳಿಸಿದಳು. ಸಂಘದವರು ಕಳಿಸಿದ ಬಿಳಿ ಹೆಂಗಸಿಗೆ ಅದೇ ಸಂಜೆ ಅವನು ಅದೇ ಮನೆಯನ್ನು ತೆರೆದು ತೋರಿಸಿದ.

"ಸಿಕ್ಕಿಬಿದ್ದ ಬಿಡಮ್ಮ," ಎಂದಳು ವರ್ಲೀನ್, ಮನೆಗೆ ಬಂದು ತಾಯಿಗೆ. "ಈ ಸಲ ಕೋರ್ಟೇ ನಮಗೆ ಬೀಗದ ಕೈ ಕೊಡಿಸುತ್ತೆ."

"ಬೇಸಿಗೆ ಒಳಗೆ ಕೊಡಿಸ್ಲಿ ಕಣೇ. ಟೊಮ್ಯಾಟೊ ಸಸಿ ನೆಡ್ಬೇಕು."

ಕೋರ್ಟಿನಲ್ಲಿ ಮಾಲೀಕನ ವಕೀಲ ಒಂದು ಚೀಟಿ ಎತ್ತಿ ಹಿಡಿದ. ಬರಹ ವರ್ಲೀನಳದೇ. ಹೆಸರು ಲೊರೇನ್ ಪೆಕ್. ಹಾಳಾದ ಕೈ, ಅಭ್ಯಾಸಬಲದಿಂದ ಬರೆದುಬಿಟ್ಟಿತ್ತು.

"ಈಕೆಗೆ ಮನೆ ಬೇಕೇ ಇರಲಿಲ್ಲ ಸ್ವಾಮಿ. ಪರೀಕ್ಷೆ ಮಾಡೋಕೆ ಬಂದಿದ್ದು. ನಿಜವಾಗಿ ಮನೆ ಬೇಕಾದವರು ಸುಳ್ಳು ಹೆಸರು ಕೊಡ್ತಾರಾ?"

ವರ್ಲೀನ್ ತಾಯಿಯ ಸೊಂಟದ ಮಾತೆತ್ತಿದಳು. ಅವಳು ಐದು ವರ್ಷದಿಂದ ಸಂಘಕ್ಕೆ ಬರೆದುಕೊಟ್ಟಿದ್ದ ವರದಿಗಳನ್ನು ವಕೀಲ ಕೋರ್ಟಿನ ಮೂಲಕ ತರಿಸಿಕೊಂಡಿದ್ದ; ಅವನ್ನು ತೆಗೆದು ಓದಿದ. ಅವುಗಳಲ್ಲಿ ಲೊರೇನ್ ಪೆಕ್‌ಳ ಕಾಯಿಲೆಯ ತಾಯಿ ಎರಡು ಬಾರಿ ಬಂದಿದ್ದಳು.

ಮಾಲೀಕನಿಗೆ ದಂಡ ಬಿತ್ತು. ಮನೆ ಕೊಡಿಸುವ ಬೇಡಿಕೆಯನ್ನು ನ್ಯಾಯಾಧೀಶರು ತಳ್ಳಿಹಾಕಿದರು.

ಸಂಘದವರು ಕೈಕುಲುಕಿ ಕಳಿಸಿದರು. ವರ್ಲೀನ್ ಮೂರು ಮಹಡಿ ಹತ್ತಿ ಬಂದಳು. ಕಿಟಕಿಯ ಬಳಿ ಕಾಫಿ ಡಬ್ಬಿಗಳಲ್ಲಿ ಸಸಿಗಳು ಗೇಣುದ್ದ ಬೆಳೆದಿದ್ದವು.

"ಏನಾಯ್ತೇ?"

"ಗೆದ್ವಿ ಅಮ್ಮ. ಅವನಿಗೆ ದಂಡ ಹಾಕಿದ್ರು."

"ಸರಿ ಹೋಯ್ತು. ಯಾವತ್ತು ಹೋಗೋದು?"

ಐದು ವರ್ಷ ಸುಳ್ಳು ಹೇಳಿ ಪಳಗಿದವಳಿಗೆ ಆಗ ಒಂದೂ ಹೊಳೆಯಲಿಲ್ಲ.