ಹಸ್ತಪ್ರತಿಯಲ್ಲಿಲ್ಲದ ಸಾಲು

ಕರಡು ತಿದ್ದುವ ಕೆಲಸ ಹಿಡಿದು ಇಪ್ಪತ್ತಾರು ವರ್ಷವಾಗಿತ್ತು. ಆಕೆಯ ನಿಜವಾದ ಹೆಸರು ಪ್ರೆಸ್ಸಿನಲ್ಲಿ ಯಾರಿಗೂ ನೆನಪಿರಲಿಲ್ಲ. ಕಿವಿಯ ಹಿಂದೆ ಸದಾ ಕೆಂಪು ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದಳಾದ್ದರಿಂದ ಎಲ್ಲರಿಗೂ ಆಕೆ ಕೆಂಪಕ್ಕ. ಕೆಂಪಕ್ಕನ ಕಣ್ಣಿಗೆ ಬಿದ್ದ ತಪ್ಪು ಬದುಕಿ ಉಳಿದದ್ದಿಲ್ಲ. ಮನೆಯ ಕೆಳಗಿನ ಔಷಧಿ ಅಂಗಡಿಯ ಬೋರ್ಡಿನಲ್ಲಿ ಒಂದಕ್ಷರ ತಪ್ಪಿದೆಯೆಂದು ಮೂರು ತಿಂಗಳು ಬೆನ್ನುಹತ್ತಿದ್ದಳು. ಕೊನೆಗೆ ಅಂಗಡಿಯವನು ಕೈಮುಗಿದು ಬೋರ್ಡನ್ನೇ ಬದಲಾಯಿಸಿದ್ದ. ಇಂಥ ಕಣ್ಣಿನವಳು ಸ್ವಂತ ಮನೆಯಲ್ಲಿ ಎರಡು ವರ್ಷದಿಂದ ಬೆಳೆಯುತ್ತಿದ್ದ ತಪ್ಪನ್ನು ನೋಡದೆ ಹೋದದ್ದು ಹೇಗೆ ಎಂದು ಯಾರಾದರೂ ಕೇಳಿದರೆ, ಅವರು ಮಕ್ಕಳನ್ನು ಸಾಕಿದವರಲ್ಲ ಎಂದೇ ತಿಳಿಯಬೇಕು.

ಮಗನಿಗೆ ಇಪ್ಪತ್ನಾಲ್ಕು. ಆರಡಿ ಬೆಳೆದರೂ ಮನೆಯಲ್ಲಿ ಪುಟ್ಟು. ತಂದೆ ತೀರಿಕೊಂಡು ಹತ್ತು ವರ್ಷ. ಓದು ಮುಗಿಸಿದ, ಎರಡು ಕೆಲಸ ಹಿಡಿದ, ಎರಡನ್ನೂ ಬಿಟ್ಟ. ಎರಡನೇ ಕಡೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಎಲ್ಲರೆದುರು ಇವನನ್ನು ನೋಡಿ ನಕ್ಕಳಂತೆ. ಅಷ್ಟು ಹೇಳಿ ಬಾಯಿಗೆ ಬೀಗ ಹಾಕಿಕೊಂಡವನು ಕೋಣೆಯ ಬಾಗಿಲನ್ನೂ ಹಾಕಿಕೊಂಡ. ಫೋನನ್ನು ಮಾತ್ರ ಕೈಬಿಡಲಿಲ್ಲ. "ಯಾರೋ ಅದು, ಇಷ್ಟು ಹೊತ್ತು?" ಎಂದರೆ, "ಫ್ರೆಂಡ್ಸು" ಎನ್ನುತ್ತಿದ್ದ. ಸದ್ಯ, ಫ್ರೆಂಡ್ಸಾದರೂ ಇದ್ದಾರಲ್ಲ ಎಂದು ತಾಯಿ ಸಮಾಧಾನಪಟ್ಟುಕೊಂಡಿದ್ದಳು.

ಆ ವರ್ಷ ಆಕೆಯ ಬಲಗಣ್ಣಿಗೆ ಪೊರೆಯ ಆಪರೇಷನ್ನಾಯಿತು. ಎರಡು ತಿಂಗಳು ಕಣ್ಣಿಗೆ ಹೆಚ್ಚು ಶ್ರಮ ಕೊಡಬಾರದೆಂದು ಡಾಕ್ಟರು ಹೇಳಿದರು. ಕೆಂಪಕ್ಕ ಹಳೆಯ ಪದ್ಧತಿಗೆ ಮರಳಿದಳು. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಿನ ಕರಡಿನ ಮೇಲೆ ಬೆರಳಿಟ್ಟು ತಿದ್ದುತ್ತಾ ಹೋಗುವುದು. ಓದುವವರು ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಓದುವ ಪಾಲು ಪುಟ್ಟುವಿಗೆ ಬಂತು. ಮುಖ ಸಿಂಡರಿಸಿಕೊಂಡೇ ಒಪ್ಪಿದ. ಮಧ್ಯಾಹ್ನ ಎರಡು ಗಂಟೆ ಕಾಲವಾದರೂ ಮಗ ಕೋಣೆಯಿಂದ ಹೊರಗೆ ಕೂತಿರುತ್ತಾನಲ್ಲ ಎಂದು ಆಕೆಗೆ ಒಳಗೊಳಗೇ ಖುಷಿ.

ಆಗ ಬಂದದ್ದು ಆ ಕಾದಂಬರಿ. ಪ್ರೆಸ್ಸಿನ ಯಜಮಾನ ತಾನೇ ಮಹಡಿ ಹತ್ತಿ ಬಂದು ದಪ್ಪ ಲಕೋಟೆಯನ್ನು ಮೇಜಿನ ಮೇಲಿಟ್ಟ.

"ಅಕ್ಕಾ, ಒಬ್ರು ಸ್ಕೂಲ್ ಟೀಚರ್ ಬರ್ದಿರೋದು. ಮೊದಲ್ನೇ ಕಾದಂಬರಿ. ಫೋನಲ್ಲೇ ಹುಡುಗರ ತಲೆ ಕೆಡಿಸಿ, ಹೆಂಗಸರ ಮೇಲೆ ಛೂ ಬಿಡೋರ ಕಥೆ. ಒಂದು ಅಧ್ಯಾಯ ಪತ್ರಿಕೇಲಿ ಬಂದಿದ್ದಕ್ಕೇ ಆ ಜನ ಮೈಮೇಲೆ ಬಂದೋರ ಥರ ಆಡ್ತಿದಾರೆ. ಇವರ ಮನೆ ಎಲ್ಲಿ ಅಂತ ಹುಡುಕ್ತಿದಾರಂತೆ."

"ಮತ್ತೆ ವಿಳಾಸ ಇಷ್ಟು ದಪ್ಪಕ್ಕೆ ಲಕೋಟೆ ಮೇಲೆ ಬರ್ದಿದೀಯಲ್ಲೋ ಮಹರಾಯ?"

"ತಿದ್ದಿದ್ಮೇಲೆ ನೀವು ನೇರ ಅವರ ಮನೆಗೇ ಕಳಿಸ್ತೀರಲ್ಲ, ಯಾವಾಗ್ಲಿನ ಹಾಗೆ. ನಿಮ್ಮನೇಲಿ ಇದ್ರೆ ಬ್ಯಾಂಕ್ ಲಾಕರ್‌ನಲ್ಲಿ ಇದ್ದ ಹಾಗೆ, ಬಿಡಿ."

ಮೊದಲ ಮೂರು ದಿನ ಓದು ಸರಾಗವಾಗಿ ಸಾಗಿತು. ಕಾದಂಬರಿಯಲ್ಲೊಬ್ಬ ಮುಖ ತೋರಿಸದ ಮುಖಂಡ. ಸೋತು ಕೂತ ಹುಡುಗರನ್ನು ಒಬ್ಬೊಬ್ಬರಾಗಿ ಹುಡುಕಿ, ಬೆನ್ನು ತಟ್ಟಿ, ನಿಮ್ಮ ಸೋಲಿಗೆಲ್ಲ ಹೆಣ್ಣುಗಳೇ ಕಾರಣ ಎಂದು ಕಿವಿಯೂದುವವನು. ನಾಲ್ಕನೇ ದಿನ, ಮಂಗಳವಾರ, ಆ ಮುಖಂಡನ ದೊಡ್ಡ ಭಾಷಣ ಬಂತು. ಅಲ್ಲಿಯವರೆಗೆ ತಡವರಿಸುತ್ತಿದ್ದ ಪುಟ್ಟು ನೀರು ಕುಡಿದಷ್ಟು ಸುಲಭವಾಗಿ ಓದತೊಡಗಿದ.

"ನೀವು ಸೋತವರಲ್ಲ, ಅಲ್ಪವಿರಾಮ, ನಿಮ್ಮನ್ನು ಸೋಲಿಸಿದ್ದಾರೆ, ಪೂರ್ಣವಿರಾಮ. ನಿಮ್ಮನ್ನು ನೋಡಿ ನಕ್ಕವರ ವಿಳಾಸ ಬರೆದಿಟ್ಟುಕೊಳ್ಳಿ, ಅಲ್ಪವಿರಾಮ, ಒಂದು ದಿನ ಬೇಕಾಗುತ್ತದೆ, ಪೂರ್ಣವಿರಾಮ."

"ತಡಿ ತಡಿ. ವಿಳಾಸದ್ದು ಇಲ್ಲಿಲ್ವಲ್ಲೋ. ಸಾಲನ್ನೇ ನುಂಗಿದಾನೆ ಅಚ್ಚಿನವನು." ಆಕೆ ಕರಡಿನ ಅಂಚಿನಲ್ಲಿ ಬಾಣದ ಗುರುತು ಹಾಕಿ, ಆ ಸಾಲನ್ನು ದುಂಡಗೆ ಕೆಂಪಿನಲ್ಲಿ ಬರೆದಳು.

ಮರುದಿನ ಮೂರೂವರೆಯಾದರೂ ಪುಟ್ಟು ಕೋಣೆಯಿಂದ ಬರಲಿಲ್ಲ. ಅಚ್ಚಿನವನನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಳ್ಳೋಣವೆಂದು ಕೆಂಪಕ್ಕ ಭೂತಗನ್ನಡಿ ಹಿಡಿದು ಹಸ್ತಪ್ರತಿಯ ಆ ಪುಟವನ್ನು ತೆಗೆದಳು. ಮೊದಲ ಸಾಲಿತ್ತು. ಎರಡನೆಯದಿರಲಿಲ್ಲ. ಪುಟದ ಹಿಂದೆ ನೋಡಿದಳು, ಮುಂದಿನ ಪುಟ ನೋಡಿದಳು. ಟೀಚರ್ ಅಂಥ ಸಾಲನ್ನು ಬರೆದೇ ಇರಲಿಲ್ಲ.

ಹಾಗಾದರೆ ಅದು ಎಲ್ಲಿಂದ ಬಂತು?

ಆಕೆ ಮೇಜಿನತ್ತ ತಿರುಗಿದಳು. ಹಸ್ತಪ್ರತಿಯ ಅಡಿಯಲ್ಲಿ ಮುಖ ಕೆಳಗಾಗಿ ಇಟ್ಟಿದ್ದ ಲಕೋಟೆ ಈಗ ಮುಖ ಮೇಲಾಗಿ, ಕಿಟಕಿಯ ಬೆಳಕಿಗೆ ನೇರವಾಗಿ ಬಿದ್ದಿತ್ತು. ಆಕೆ ಹೋಗಿ ಮಗನ ಬಾಗಿಲನ್ನು ತಟ್ಟದೆ ತಳ್ಳಿದಳು.

"ಬಾ. ನಿನ್ನೆ ಓದಿದ್ದನ್ನ ಇನ್ನೊಂದ್ಸಲ ಓದು."

"ಆಮೇಲೆ ಅಮ್ಮಾ."

"ಈಗ."

ಅವನು ಬಂದು ಕೂತ, ಪುಟ ನೋಡಿದ. ಅವನ ಕಣ್ಣು ಇಲ್ಲದ ಸಾಲನ್ನು ಮೇಲೆ ಕೆಳಗೆ ಹುಡುಕುವುದನ್ನು ಆಕೆ ಸುಮ್ಮನೆ ನೋಡುತ್ತಾ ನಿಂತಳು.

"ಬಾಯಿ ತಪ್ಪಿ ಬಂದಿರ್ಬೇಕು."

"ಬಾಯಿ ತಪ್ಪಿ ಬರೋಕೆ ಮೊದ್ಲು ಬಾಯಿಪಾಠ ಆಗಿರ್ಬೇಕು ಕಣೋ. ಯಾರು ಕಲಿಸಿದ್ದು?"

"ಗ್ರೂಪ್ ನಡೆಸೋ ಅಣ್ಣ. ದಿನಾ ಹೇಳ್ತಾರೆ."

"ಲಕೋಟೆ ಫೋಟೋ ತೆಗ್ದ್ಯಾ?"

ಅವನು ಫೋನನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಆಮೇಲೆ ಗೋಡೆ ನೋಡುತ್ತಾ ಹೇಳಿದ: "ಬೆಳಿಗ್ಗೆ ಗ್ರೂಪಿಗೆ ಹಾಕ್ದೆ. ಅಣ್ಣ ಎಲ್ಲರೆದುರಿಗೂ ಭೇಷ್ ಅಂದ್ರು. ಮುನ್ನೂರು ಜನ ಇದಾರೆ ಅಲ್ಲಿ, ಒಬ್ರೂ ನನ್ ನೋಡಿ ನಗಲ್ಲ. ನೀನು ಯಾವತ್ತಾದ್ರೂ ಭೇಷ್ ಅಂದಿದೀಯಾ? ಹುಟ್ಟಿದಾಗಿಂದ ನನ್ನಲ್ಲಿ ತಪ್ಪೇ ಹುಡುಕಿದೀಯ."

ಕೆಂಪಕ್ಕನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆನ್ನಿಸಿತು, ಎರಡೂ ಒಟ್ಟಿಗೇ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದಕ್ಕಾಗಿ ಕೂತು ಅಳುವ ಹೊತ್ತು ಇದಲ್ಲವೆಂದೂ ಆಕೆಗೆ ಗೊತ್ತಿತ್ತು.

"ಫೋನ್ ಕೊಡು."

ಕೊಟ್ಟ. ಫೋಟೋದ ಕೆಳಗೆ ಸಾಲುಸಾಲು ಬೈಗುಳ. ಅವುಗಳ ಕೆಳಗೆ ಅಣ್ಣನೆನ್ನುವವನ ಮಾತು: ಇವತ್ತು ಐದಕ್ಕೆ ಅವಳ ಗೇಟ್ ಹತ್ರ ಸೇರಿ, ಪೆಟ್ರೋಲ್ ನಾನು ತರ್ತೀನಿ. ಏಳು ಜನ ಬರ್ತೀವಿ ಎಂದಿದ್ದರು. ಏಳನೆಯವನು ಕೆಂಪಕ್ಕನ ಮಗ.

ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು.

ಲಕೋಟೆಯ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಪಾಠದಲ್ಲಿರಬೇಕು. ಮತ್ತೆ ಹಚ್ಚಿದಳು. ಕಾಯುತ್ತಿದ್ದಾಗ ಬರಬಾರದ ಯೋಚನೆಯೊಂದು ಬಂದೇ ಬಿಟ್ಟಿತು. ಹೆಸರು ಹೇಳದೆ, ಮನೆಗೆ ಹೋಗಬೇಡಿ ಎಂದಷ್ಟೇ ಹೇಳಿ ಇಟ್ಟುಬಿಟ್ಟರೆ? ಟೀಚರ್ ಉಳಿಯುತ್ತಾಳೆ, ಮಗನೂ ಉಳಿಯುತ್ತಾನೆ. ಯಾವ ತಾಯಿಗೆ ಬೇಡ ಅದು? ಆದರೆ ಅಣ್ಣನೂ ಅವನ ಮುನ್ನೂರು ಜನರೂ ಅಲ್ಲೇ ಉಳಿಯುತ್ತಾರೆ, ನಾಳೆ ಇನ್ನೊಂದು ಗೇಟು ಹುಡುಕುತ್ತಾರೆ. ಅವರ ದಾರಿ ಬಲ್ಲವನು ಈ ಮನೆಯಲ್ಲಿ ಒಬ್ಬನೇ.

ನಾಲ್ಕು ಇಪ್ಪತ್ತೆರಡಕ್ಕೆ ಅತ್ತಲಿಂದ ದನಿ ಬಂತು. "ಹಲೋ? ಯಾರು?"

ಕೆಂಪಕ್ಕ ಸ್ಪೀಕರ್ ಒತ್ತಿ ಫೋನನ್ನು ಮಗನೆದುರು ಮೇಜಿನ ಮೇಲಿಟ್ಟಳು. "ಹೇಳು," ಎಂದಳು. ಜೋರು ಮಾಡಲಿಲ್ಲ. ಅವನ ಪಕ್ಕದ ಕುರ್ಚಿಯಲ್ಲಿ, ದಿನವೂ ಓದಿಗೆ ಕೂರುವ ಹಾಗೆ ಕೂತಳು.

ಅವನು ಫೋನಿನತ್ತ ಬಾಗಿದ. "ಟೀಚರ್... ಮನೆಗೆ ಹೋಗ್ಬೇಡಿ. ನಿಮ್ಮ ವಿಳಾಸ ಗೊತ್ತಾಗಿದೆ. ಐದು ಗಂಟೆಗೆ ಜನ ಬರ್ತಾರೆ. ಪೆಟ್ರೋಲ್ ತರ್ತಾರೆ."

"ಅಯ್ಯೋ, ಮನೇಲಿ ನಮ್ಮತ್ತೆ ಒಬ್ರೇ ಇದಾರಲ್ಲ!"

"ಪಕ್ಕದ ಮನೆಯೋರಿಗೆ ಫೋನ್ ಮಾಡಿ, ಅವರನ್ನ ಈಗ್ಲೇ ಹೊರಗೆ ಕರ್ಕೊಂಡ್ ಹೋಗ್ಲಿ. ಆಮೇಲೆ ಪೊಲೀಸ್ರಿಗೆ. ಇನ್ನೂ ಟೈಮಿದೆ," ಎಂದ ಪುಟ್ಟು.

ಅತ್ತ ಓಡುವ ಹೆಜ್ಜೆಯ ಸದ್ದು, ಯಾರನ್ನೋ ಕೂಗಿ ಕರೆದು ಹೇಳಿದ ಸದ್ದು. ಆಮೇಲೆ ಏದುಸಿರಿನ ನಡುವೆ ಅದೇ ದನಿ ಮರಳಿತು. "ನಮ್ಮತ್ತೇನ ಕರ್ಕೊಂಡು ಹೋಗ್ತಿದಾರೆ. ಪೊಲೀಸ್ರಿಗೂ ಹೇಳಾಯ್ತು. ಅವರು ಕೇಳ್ತಾರಪ್ಪ. ವಿಳಾಸ ಕೊಟ್ಟಿದ್ದು ಯಾರು?"

ಪುಟ್ಟು ತಾಯಿಯ ಮುಖ ನೋಡಿದ. ಆಕೆ ಏನನ್ನೂ ಹೇಳಿಕೊಡಲಿಲ್ಲ. ಕಿವಿಯ ಹಿಂದಿನ ಪೆನ್ನು ತೆಗೆದು, ಮುಚ್ಚಳ ಹಾಕಿ, ಮೇಜಿನ ಮೇಲಿಟ್ಟಳು.

"ನಾನೇ," ಎಂದ. "ಗ್ರೂಪಿನ ಮೆಸೇಜೆಲ್ಲ ನನ್ನ ಹತ್ರ ಇದೆ. ನನ್ನ ವಿಳಾಸ ಬರ್ಕೊಳ್ಳಿ."

ಮೊದಲು ತನ್ನ ಪೂರ್ತಿ ಹೆಸರು ಹೇಳಿದ. ಆಮೇಲೆ ನಿಧಾನವಾಗಿ, ನಾಲ್ಕು ದಿನದ ರೂಢಿಯಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಓದಿದ.

"ಬಾಗಿಲ ಸಂಖ್ಯೆ ಹದಿನೇಳು, ಅಲ್ಪವಿರಾಮ. ಎರಡನೇ ಮಹಡಿ, ಅಲ್ಪವಿರಾಮ. ಔಷಧಿ ಅಂಗಡಿಯ ಮೇಲೆ..."

ದನಿ ಒಡೆಯಿತು. ಆದರೂ ಬೀದಿಯ ಹೆಸರಿನವರೆಗೆ ನಿಲ್ಲಿಸಲಿಲ್ಲ, ಪೂರ್ಣವಿರಾಮವನ್ನೂ ಬಿಡಲಿಲ್ಲ. ಕೆಂಪಕ್ಕ ಮಗನ ಬೆನ್ನ ಮೇಲೆ ಕೈಯಿಟ್ಟು ಕೊನೆಯ ಅಕ್ಷರದವರೆಗೂ ಕೇಳಿದಳು. ಒಂದೂ ತಪ್ಪಿರಲಿಲ್ಲ. ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿದಳು.