ಏಳು ಆ್ಯಪ್‌ಗಳ ಕರಾರು

ಫೋನ್ ತಯಾರಿಸುವ ಕಂಪನಿಯ ಕರಾರು ವಿಭಾಗದಲ್ಲಿ ಅವಳನ್ನು ಎದುರಿಗೆ 'ಮೇಡಂ' ಅನ್ನುತ್ತಿದ್ದರು, ಬೆನ್ನ ಹಿಂದೆ 'ಕೊಕ್ಕೆ'. ಮೊದಲು ಹೈಸ್ಕೂಲಿನಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದವಳು. ವಾಕ್ಯ ಕಂಡರೆ ತಪ್ಪು ಹುಡುಕುವ ಚಟ ಹಾಗೇ ಉಳಿದಿತ್ತು. ಗಂಡ "ಆಮೇಲೆ ಪಾತ್ರೆ ತೊಳೀತೀನಿ" ಅಂದರೂ "ಆಮೇಲೆ ಅಂದ್ರೆ ಎಷ್ಟು ಗಂಟೆಗೆ?" ಎಂದು ಕೇಳುವವಳು.

ಆ ವರ್ಷ ಒಂದು ನೆಟ್‌ವರ್ಕ್ ಕಂಪನಿ ಇವರ ಹೊಸ ಫೋನನ್ನು ತನ್ನ ಅಂಗಡಿಗಳಲ್ಲಿ ಮಾರಲು ಮುಂದೆ ಬಂತು. ಮೂರು ಲಕ್ಷ ಫೋನು ತಗೊಳ್ಳುತ್ತೇವೆ ಅಂದಿತು. ಆದರೆ ಅದರ ಖರೀದಿ ಮುಖ್ಯಸ್ಥ ಪಟ್ಟು ಹಿಡಿದು ಕೂತ. ತಮ್ಮ ಏಳು ಆ್ಯಪ್ ಫೋನಿನಲ್ಲಿರಬೇಕು, ಗಿರಾಕಿಗೆ ಅವನ್ನು ಅಳಿಸಲು ಬರಬಾರದು, ಫೋನ್ ಆನ್ ಆದಾಗಲೆಲ್ಲ ತಮ್ಮ ಕಂಪನಿಯ ಹಾಡು ಇಪ್ಪತ್ತೆರಡು ಸೆಕೆಂಡ್ ಜೋರಾಗಿ ಕೇಳಿಸಬೇಕು!

ನಾಲ್ಕು ಸಭೆಯಾದರೂ ಆಸಾಮಿ ಜಗ್ಗಲಿಲ್ಲ. ಐದನೆಯ ಸಭೆಗೆ ಅವಳು ನಗುನಗುತ್ತಾ ಬಂದಳು.

"ನಿಮ್ಮ ಮಾತೇ ನಡೀಲಿ ಸಾರ್. ನೀವು ಹೇಳಿದ ಹಾಗೇ ಒಂದು ಫೋನ್ ಮಾಡಿಸಿದೀನಿ. ಒಂದು ವಾರ ನೀವೇ ಬಳಸಿ. ಹಿಡಿಸಿದ್ರೆ ಸಹಿ ಹಾಕೋಣ."

ಅವನು ಗೆದ್ದ ಖುಷಿಯಲ್ಲಿ ಅಲ್ಲೇ ಸಿಮ್ ಹಾಕಿಕೊಂಡ. ಅವಳಿಗೆ ಮಾತ್ರ ಒಂದೇ ಅಳುಕು. ಇವನಿಗೆ ನಿಜವಾಗಿಯೂ ಹಿಡಿಸಿಬಿಟ್ಟರೆ?

ಮೂರನೆಯ ದಿನ ಅವನ ಕಂಪನಿಯ ಅಧ್ಯಕ್ಷರು ಗಂಭೀರವಾಗಿ ಭಾಷಣ ಮಾಡುತ್ತಿದ್ದರು. ಏಳರಲ್ಲಿ ಒಂದು ಆ್ಯಪ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ ಫೋನನ್ನು ಆಫ್ ಮಾಡಿ ಆನ್ ಮಾಡಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ಜೇಬಿನಿಂದ ಹಾಡು ಶುರು. ಅದುಮಿದ, ಮೇಲೆ ಕೂತ, ಕೋಟಿನಲ್ಲಿ ಸುತ್ತಿದ. ಇಪ್ಪತ್ತೆರಡು ಸೆಕೆಂಡ್ ಮುಗಿಯುವವರೆಗೂ ಅಧ್ಯಕ್ಷರು ಅವನನ್ನೇ ನೋಡುತ್ತಾ ನಿಂತಿದ್ದರು.

ಅವತ್ತು ಸಂಜೆ ಅವನ ಹೆಂಡತಿ ಬೀಗದ ಕೈ ಮರೆತು, ಮನೆ ಬಾಗಿಲಲ್ಲಿ ನಿಂತು ಒಂಬತ್ತು ಸಲ ಫೋನ್ ಮಾಡಿದಳು. ಅವನು ಮನೆ ತಲುಪಿದ್ದು ರಾತ್ರಿಗೇ.

"ಒಂದು ಸಲಾನೂ ಎತ್ತೋಕಾಗ್ಲಿಲ್ವಾ?"

"ಎತ್ತೋಕೆ ಹೋದಾಗೆಲ್ಲ ರಾಶಿಫಲದ ಆ್ಯಪ್ ಅಡ್ಡ ಬಂತು ಕಣೇ."

"ಏನಂತೆ ನಿಮ್ಮ ರಾಶಿಫಲ?"

"ಇವತ್ತು ಮನೇಲಿ ನೆಮ್ಮದಿ ಅಂತೆ."

ಮರುದಿನ ಬೆಳಿಗ್ಗೆಯೇ ಅವನು ಅವಳ ಕಚೇರಿಗೆ ಬಂದು ಫೋನನ್ನು ಮೇಜಿನ ಮೇಲಿಟ್ಟ.

"ಎರಡು ಆ್ಯಪ್ ಸಾಕು. ಅದೂ ಬೇಡ ಅಂದವರು ಅಳಿಸಲಿ."

"ಹಾಡು ಸಾರ್?"

"ಹಾಡಿನ ಸುದ್ದಿ ಎತ್ತಬೇಡಿ, ಮೇಡಂ."

ಆದರೆ ಅವನೂ ಕಡಿಮೆಯವನಲ್ಲ. ನಾಲ್ಕು ತಿಂಗಳು ಬೇರೆ ಯಾವ ಕಂಪನಿಗೂ ಈ ಫೋನ್ ಕೊಡಬಾರದು ಎಂದು ಬರೆಸಿಕೊಂಡೇ ಸಹಿ ಹಾಕಿದ.

ವಿಷಯ ಕೇಳಿ ಅವಳ ಮೇಲಧಿಕಾರಿ ಸಿಡಿಮಿಡಿಗೊಂಡ. "ನಾನು ಒಂದೇ ತಿಂಗಳು ಅಂದಿದ್ನಲ್ಲಮ್ಮಾ! ನಾಲ್ಕು ಯಾಕೆ ಕೊಟ್ರಿ?"

"ಪಾಪ, ಅಷ್ಟು ಪಾಡು ಪಟ್ಟಿದಾರೆ, ಸಾರ್," ಅಂದಳು ಅವಳು. "ಬರಿಗೈಲಿ ಹೇಗೆ ಕಳಿಸಲಿ?"